ಎಂ3 ಗೋಳಗುಚ್ಛದಲ್ಲಿ ಸಮತಲ ಶಾಖೆ ಗುರುತಿಸುವುದು ಹೇಗೆ?
ಎಂ3 ಚೆಂಡಿನಂತೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಚ್ಛ. ಗಯಾ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಿಂದ ಅದರ ಕೇಂದ್ರದ ಸುತ್ತ 15 ಆರ್ಕ್‌ಮಿನಿಟ್ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವೇ ಆರ್ಕ್‌ಮಿನಿಟ್) ವ್ಯಾಪ್ತಿಯ ನಕ್ಷತ್ರಗಳನ್ನು ಇಳಿಸಿಕೊಳ್ಳಿ. ಗುಚ್ಛದ ಸ್ವಚಲನೆಗೆ (ಆಕಾಶದಲ್ಲಿ ನಿಧಾನವಾಗಿ ಸರಿಯುವ ದಿಕ್ಕು, ವೇಗಕ್ಕೆ) ಹೊಂದದವನ್ನು ಕೈಬಿಡಿ. ಅವು ದಾರಿಯಲ್ಲಿ ಅಡ್ಡ ಸಿಕ್ಕವು. ನಟ್ಟನಡುವಿನ ಒಂದು ಆರ್ಕ್‌ಮಿನಿಟ್ ಕೂಡ ಬೇಡ: ಅಲ್ಲಿನ ದಟ್ಟಣೆಯಲ್ಲಿ ಪಕ್ಕದ್ದರ ಬೆಳಕು ಬೆರೆತು ಬಣ್ಣದ ಅಳತೆ ಕೆಡುತ್ತದೆ.

ಬಣ್ಣವನ್ನು ಅಡ್ಡಕ್ಕೆ, ಕಾಂತಿಮಾನವನ್ನು ಉದ್ದಕ್ಕೆ ಹಾಕಿ. ಚಿಕ್ಕ ಅಂಕಿ ಎಂದರೆ ಹೆಚ್ಚು ಹೊಳಪು, ಅದು ಮೇಲಿರಲಿ. ಸುಮಾರು 15.6 ಕಾಂತಿಮಾನದಲ್ಲಿ ಅಡ್ಡಕ್ಕೆ ಹಬ್ಬಿದ ಪಟ್ಟಿಯೇ ಸಮತಲ ಶಾಖೆ. ಕೆಂಪು ದೈತ್ಯ ಹಂತ ದಾಟಿ ತಿರುಳಿನಲ್ಲಿ ಹೀಲಿಯಂ ಉರಿಸುತ್ತಿರುವ ನಕ್ಷತ್ರಗಳಿವು. ತಿರುಳು ಎಲ್ಲದರಲ್ಲೂ ಹೆಚ್ಚುಕಡಿಮೆ ಸೂರ್ಯನ ದ್ರವ್ಯರಾಶಿಯ ಅರ್ಧದಷ್ಟು. ತಿರುಳಿನ ಮೇಲಿನ ಹೊದಿಕೆ ತೆಳುವಾದಷ್ಟೂ ನಕ್ಷತ್ರ ನೀಲಿ.

ಪಟ್ಟಿಯ ನಡುವೆ ಚದುರಿದ ಚುಕ್ಕಿಗಳನ್ನು ದೋಷವೆಂದು ಅಳಿಸಬೇಡಿ. ಅವು ಒಂದು ದಿನದೊಳಗೆ ಮಿಡಿದು ಕಾಂತಿ ಏರಿಳಿಯುವ ನಕ್ಷತ್ರಗಳಾದ ಆರ್‌ಆರ್ ಲೈರೆಗಳು. ಎಂ3ರಲ್ಲಿ 200ಕ್ಕೂ ಹೆಚ್ಚಿವೆ. ಸ್ವಂತ ದೂರದರ್ಶಕದಲ್ಲಿ ಒಂದೇ ಸಲ ಅಳೆದರೆ ನಕ್ಷೆಯಲ್ಲಿ ಅವುಗಳ ಜಾಗ ತಪ್ಪುತ್ತದೆ, ಹಲವು ಅಳತೆಗಳ ಸರಾಸರಿ ತೆಗೆಯಿರಿ. ನೀಲಿ ತುದಿ ಕೆಳಗೆ ಬಾಗುವುದಕ್ಕೆ ಮುಖ್ಯ ಕಾರಣ, ಬೆಳಕಿನ ಬಹುಪಾಲು ನೇರಳಾತೀತಕ್ಕೆ ಸರಿಯುವುದು.