ಹಳದಿ ನೀರು ಎಲ್ಲಿಗೆ ಹೋಗುತ್ತದೆ? ಒಂದು ಪ್ಲೇಟಿಂಗ್ ಶಾಪಿನ ಅನುಭವ

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಪ್ಲೇಟಿಂಗ್ ಶಾಪ್ ಇದೆ. ಬೋಲ್ಟು, ಬ್ರಾಕೆಟ್ಟು, ಕ್ಲಾಂಪುಗಳಿಗೆ ಜಿಂಕ್ ಹಾಕಿ, ಮೇಲೆ ಪ್ಯಾಸಿವೇಶನ್, ಅಂದರೆ ತುಕ್ಕು ತಡೆಯುವ ಕೆಮಿಕಲ್ ಪದರ, ಮಾಡಿಕೊಡುತ್ತೇವೆ. ಹೊಸ ಬೋಲ್ಟಿನ ಮೇಲೆ ಹಳದಿ ಹೊಳಪು ನೋಡಿರುತ್ತೀರಿ ಅಲ್ವಾ, ಅದೇ. ಹಳೇ ಪದ್ಧತಿಯಲ್ಲಿ ಆ ಹಳದಿ ಬರುವುದು ಹೆಕ್ಸಾವೆಲೆಂಟ್ ಕ್ರೋಮಿಯಂನಿಂದ. ಅದು ಕ್ಯಾನ್ಸರ್ ತರುವ ವಸ್ತು. ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ನೆಲಕ್ಕೆ ಬಿದ್ದರೆ ಅಂತರ್ಜಲದವರೆಗೆ ಇಳಿಯುತ್ತದೆ. ಪೀಣ್ಯದ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಸಿಕ್ಕಿದ್ದು ಇಲ್ಲಿ ಎಲ್ಲರಿಗೂ ಗೊತ್ತು.

ಶಾಪ್ ಶುರು ಮಾಡಿದ ಮೊದಲ ವರ್ಷಗಳಲ್ಲಿ ಪರಿಸರ ಅಂದರೆ ನನಗೆ ಒಂದು ಫೈಲು ಅಷ್ಟೆ. 1974ರ ಜಲ ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಒಪ್ಪಿಗೆ ಪತ್ರ) ಬೇಕು, ತೆಗೆದುಕೊಂಡಿದ್ದೆ. ನಮ್ಮದು ರೆಡ್ ಕೆಟಗರಿ, ಅಂದರೆ ಹೆಚ್ಚು ಮಾಲಿನ್ಯ ಮಾಡಬಲ್ಲ ಉದ್ಯಮಗಳ ಪಟ್ಟಿ. ಫೈಲ್ ನೋಡಿಕೊಳ್ಳಲು ಒಬ್ಬರು ಕನ್ಸಲ್ಟೆಂಟ್ ಇದ್ದರು. ಕನ್ಸೆಂಟ್ ಪತ್ರದ ಹಿಂದಿನ ಪುಟಗಳಲ್ಲಿ ಇದ್ದ ಷರತ್ತುಗಳನ್ನು ನಾನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಓದಿದ್ದರೆ ಆ ಮಳೆಗಾಲ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಒಂದು ದಿನ ಜೋರು ಮಳೆ. ನಮ್ಮ ಹಿರಿಯ ಆಪರೇಟರ್ ಬಂದು, "ಸಾರ್, ಒಂದ್ ನಿಮಿಷ ಹೊರಗೆ ಬನ್ನಿ" ಅಂದರು. ಗೋಡೆ ಪಕ್ಕದ ಮಳೆನೀರಿನ ಚರಂಡಿ ತೋರಿಸಿದರು. ನೀರಿನಲ್ಲಿ ಸಣ್ಣ ಹಳದಿ ಎಳೆಯೊಂದು ಹರಿಯುತ್ತಿತ್ತು. ಅರಿಶಿನ ಕಲಸಿದ ನೀರಿನ ಹಾಗೆ. ನನ್ನ ಕೈಕಾಲು ತಣ್ಣಗಾದವು. ಆ ಚರಂಡಿ ಸೇರುವುದು ವೃಷಭಾವತಿ ಕಣಿವೆಗೆ. ವೃಷಭಾವತಿ ಹೋಗುವುದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ. ಆ ನೀರಿನಲ್ಲಿ ಬೆಳೆ ಬೆಳೆಯುವವರಲ್ಲಿ ನಮ್ಮ ಸೋದರತ್ತೆಯ ಮನೆಯವರೂ ಇದ್ದಾರೆ. ಕಾಲುವೆಯಲ್ಲಿ ನೊರೆ ಬರುತ್ತದೆ, ಕಾಲು ಇಟ್ಟರೆ ತುರಿಕೆ ಅಂತ ಅತ್ತೆ ಹೇಳಿದಾಗೆಲ್ಲ ನಾನು ಬೇರೆ ಯಾರನ್ನೋ ಬೈಯುತ್ತಿದ್ದೆ.

ತಕ್ಷಣ ಮರಳಿನ ಚೀಲ ಹಾಕಿ ಚರಂಡಿ ಕಟ್ಟಿದೆವು. ನಿಂತ ನೀರನ್ನು ಪಂಪ್ ಮಾಡಿ ನಮ್ಮದೇ ಟ್ಯಾಂಕಿಗೆ ತುಂಬಿಸಿದೆವು. ಸಂಜೆಯ ಹೊತ್ತಿಗೆ ಕಾರಣ ಸಿಕ್ಕಿತು. ಪ್ಯಾಸಿವೇಶನ್ ಟ್ಯಾಂಕ್ ನೆಲದ ಮೇಲೆಯೇ ಕೂತಿತ್ತು. ಅದರ ಕೆಳಗೆ ಕಾಂಕ್ರೀಟ್ ಸೀಳಿತ್ತು. ಜಾಬ್ (ಪ್ಲೇಟಿಂಗ್‌ಗೆ ಬಂದ ಸಾಮಾನು) ಎತ್ತುವಾಗ ತೊಟ್ಟಿಕ್ಕಿದ ನೀರು ಎಷ್ಟೋ ದಿನದಿಂದ ಆ ಸೀಳಿಗೆ ಇಳಿಯುತ್ತಿತ್ತು. ಮಳೆ ಬಂದಿದ್ದಕ್ಕೆ ಹೊರಗೆ ಕಂಡಿತು, ಇಲ್ಲದಿದ್ದರೆ ಸುಮ್ನೆ ಒಳಗೇ ಇಳಿಯುತ್ತಿತ್ತು.

ಬೋರ್ಡ್‌ಗೆ ಹೇಳಬೇಕೋ ಬೇಡವೋ ಅನ್ನುವುದು ಅವತ್ತಿನ ರಾತ್ರಿಯ ಪ್ರಶ್ನೆ. "ಯಾಕೆ ಮೈಮೇಲೆ ಎಳ್ಕೊಳ್ತೀರಾ, ತೊಳೆದುಬಿಡಿ" ಅಂದವರೇ ಜಾಸ್ತಿ. ಆದರೆ ಆಕಸ್ಮಿಕವಾಗಿ ಕೊಳಚೆ ಹೊರಗೆ ಹೋದರೆ ಮಂಡಳಿಗೆ ತಿಳಿಸಲೇಬೇಕು ಅಂತ ಜಲ ಕಾಯ್ದೆಯ 31ನೇ ಸೆಕ್ಷನ್ನಿನಲ್ಲೇ ಇದೆ. ಮಾರನೇ ದಿನ ಫೋಟೋ ಸಮೇತ ಪತ್ರ ಕೊಟ್ಟೆ. ಬಂದರು, ಸ್ಯಾಂಪಲ್ ತೆಗೆದರು, ನೋಟಿಸ್ ಕೊಟ್ಟರು. ನೋಟಿಸಿಗೆ ಉತ್ತರವಾಗಿ ಯಾವ ಕೆಲಸ, ಯಾವ ತಾರೀಖಿನೊಳಗೆ, ಯಾರ ಜವಾಬ್ದಾರಿ ಅಂತ ಒಂದು ಪುಟ ಬರೆದುಕೊಟ್ಟೆ. ತಾರೀಖು ತಪ್ಪದೆ ಮಾಡಿದೆ. ಮುಚ್ಚಿಟ್ಟಿದ್ದರೆ ಇವತ್ತು ಈ ಮಾತು ಹೀಗೆ ನೇರವಾಗಿ ಬರೆಯಲು ಆಗುತ್ತಿರಲಿಲ್ಲ.

ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಒಂದು ದೊಡ್ಡ ಹಾಳೆಯಲ್ಲಿ ಶಾಪಿನ ನಕ್ಷೆ ಬರೆದೆ. ನೀರು ಒಳಗೆ ಬರುವ ಜಾಗ, ಹೊರಗೆ ಹೋಗುವ ಜಾಗ, ತೊಟ್ಟಿಕ್ಕುವ ಜಾಗ, ಎಲ್ಲ ಗುರುತು ಹಾಕಿದೆ. ಎರಡು ದಿನ ಸ್ಟೂಲ್ ಹಾಕಿಕೊಂಡು ಲೈನ್ ಪಕ್ಕ ಕೂತೆ. ಆಗ ಕಂಡಿದ್ದು: ನಮ್ಮ ಹುಡುಗರು ಜಾಬ್ ನೇತುಹಾಕುವ ಜಿಗ್ಗನ್ನು ಪ್ಯಾಸಿವೇಶನ್ ಟ್ಯಾಂಕಿನಿಂದ ಎತ್ತಿ ಮೂರು ಸೆಕೆಂಡಿನಲ್ಲಿ ತೊಳೆಯುವ ರಿನ್ಸ್ ಟ್ಯಾಂಕಿಗೆ ಇಳಿಸುತ್ತಿದ್ದರು. ಜಾಬಿಗೆ ಅಂಟಿದ ಕೆಮಿಕಲ್ ಪೂರ್ತಿ ರಿನ್ಸ್ ನೀರಿಗೆ ಹೋಗುತ್ತಿತ್ತು. ನಾವು ದುಡ್ಡು ಕೊಟ್ಟು ತಂದ ಕೆಮಿಕಲ್ಲನ್ನು ನೀರಿಗೆ ಹಾಕಿ, ಅದನ್ನು ತೆಗೆಯಲು ಮತ್ತೆ ದುಡ್ಡು ಸುರಿಯುತ್ತಿದ್ದೆವು.

ಟ್ಯಾಂಕಿನ ಮೇಲೆ ಒಂದು ಪೈಪ್ ಅಡ್ಡ ಕಟ್ಟಿಸಿದೆ. ಜಿಗ್ಗನ್ನು ಅದಕ್ಕೆ ನೇತುಹಾಕಿ ಹದಿನೈದು ಎಣಿಸಿ ಆಮೇಲೆ ಮುಂದಕ್ಕೆ. ಎರಡು ಟ್ಯಾಂಕುಗಳ ನಡುವೆ ಇಳಿಜಾರಾಗಿ ಪ್ಲಾಸ್ಟಿಕ್ ಹಾಳೆ ಹಾಕಿದೆವು, ತೊಟ್ಟಿಕ್ಕಿದ್ದು ವಾಪಸ್ ಟ್ಯಾಂಕಿಗೇ ಬೀಳುವ ಹಾಗೆ. ಒಂದೇ ರಿನ್ಸ್ ಟ್ಯಾಂಕ್ ಇದ್ದಿದ್ದನ್ನು ಮೂರು ಮಾಡಿದೆವು. ಹೊಸ ನೀರು ಕೊನೇ ಟ್ಯಾಂಕಿಗೆ ಬಂದು ಹಿಂದಕ್ಕೆ ಹರಿಯುತ್ತದೆ, ಜಾಬ್ ಅದರ ಎದುರಿಗೆ ಹೋಗುತ್ತದೆ. ಇಷ್ಟರಿಂದಲೇ ನಮ್ಮ ನೀರಿನ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಪರಿಸರದ ಕೆಲಸಕ್ಕೆ ದೊಡ್ಡ ಮೆಷೀನೇ ಬೇಕು ಅಂದುಕೊಂಡಿರುವ ಚಿಕ್ಕ ಶಾಪಿನವರು ಮೊದಲು ಈ ಹದಿನೈದು ಎಣಿಸುವ ಕೆಲಸ ಮಾಡಲಿ ಅಂತ ನನ್ನ ಆಸೆ.

ಇನ್ನು ಶುದ್ಧೀಕರಣ. ಕ್ರೋಮಿಯಂ ನೀರನ್ನು ಬೇರೆ ನೀರಿನ ಜೊತೆ ಸೇರಿಸಬಾರದು, ಮೊದಲು ಅದನ್ನೇ ಬೇರೆ ಹಿಡಿಯಬೇಕು. ನಾವು ಮುಂಚೆ ಎಲ್ಲ ಸೇರಿಸಿ ಸುಣ್ಣ ಹಾಕುತ್ತಿದ್ದೆವು. ಸುಣ್ಣಕ್ಕೆ ಜಿಂಕ್ ಕೆಳಗೆ ಕೂರುತ್ತದೆ, ಹೆಕ್ಸಾವೆಲೆಂಟ್ ಕ್ರೋಮಿಯಂ ಕೂರುವುದಿಲ್ಲ. ಈಗ ಮೊದಲು ಸಲ್ಫ್ಯೂರಿಕ್ ಆ್ಯಸಿಡ್ ಹಾಕಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 2ರಿಂದ 3ರ ಒಳಗೆ ತರುತ್ತೇವೆ. ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್. ಕಲಸುತ್ತಾ ಇದ್ದ ಹಾಗೆ ಹಳದಿ ನೀರು ನಿಧಾನಕ್ಕೆ ಹಸಿರಾಗುತ್ತದೆ. ಹೆಕ್ಸಾವೆಲೆಂಟ್ ಹೋಗಿ ಅಷ್ಟು ಅಪಾಯವಿಲ್ಲದ ಟ್ರೈವೆಲೆಂಟ್ ಕ್ರೋಮಿಯಂ ಆಯಿತು ಅಂತ ಅರ್ಥ. ಈಗ ಸುಣ್ಣ ಹಾಕಿ ಪಿಎಚ್ 8 ದಾಟಿಸಿದರೆ ಹಸಿರು ಗಸಿ ತಳಕ್ಕೆ ಕೂರುತ್ತದೆ. ಈ ಕೆಲಸ ಮಾಡುವಾಗ ಮೂಗಿಗೆ ಗಂಧಕದ ಘಾಟು ಹೊಡೆಯುತ್ತದೆ, ಎಕ್ಸಾಸ್ಟ್ ಫ್ಯಾನ್ ಮತ್ತು ಮಾಸ್ಕ್ ಇಲ್ಲದೆ ಯಾರೂ ಹತ್ತಿರ ಹೋಗಬಾರದು. ಸೈನೈಡ್ ಬಾತ್ (ಸೈನೈಡ್ ಬೆರೆತ ಪ್ಲೇಟಿಂಗ್ ದ್ರಾವಣ) ಇರುವ ಶಾಪಿನವರು ಇನ್ನೂ ಜಾಗ್ರತೆ ಇರಬೇಕು. ಆ ನೀರಿಗೆ ಆ್ಯಸಿಡ್ ಸೇರಿದರೆ ಬರುವ ವಿಷಗಾಳಿ ಜೀವ ತೆಗೆಯುತ್ತದೆ.

ಹಸಿರಾಯಿತು ಅಂತ ನಂಬಿ ಬಿಡುವ ಹಾಗೂ ಇಲ್ಲ. ಹೊರಗೆ ಬಿಡುವ ನೀರಿನಲ್ಲಿ ಹೆಕ್ಸಾವೆಲೆಂಟ್ ಕ್ರೋಮಿಯಂ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಅಂದರೆ 10,000 ಲೀಟರ್ ನೀರಿಗೆ ಒಂದು ಗ್ರಾಂ. ಅಷ್ಟು ಕಮ್ಮಿ ಇದ್ದಾಗ ಕಣ್ಣಿಗೆ ಯಾವ ಬಣ್ಣವೂ ಕಾಣುವುದಿಲ್ಲ. ಅದಕ್ಕೆ ಡೈಫಿನೈಲ್ ಕಾರ್ಬಜೈಡ್ ಕಿಟ್ ತಂದಿಟ್ಟಿದ್ದೇವೆ. ಚಿಕ್ಕ ಗಾಜಿನ ಕೊಳವೆಯಲ್ಲಿ ನೀರು, ಅದಕ್ಕೆ ಹನಿ. ನೇರಳೆ ಬಣ್ಣ ಬಂದರೆ ಕ್ರೋಮಿಯಂ ಇನ್ನೂ ಇದೆ, ವಾಲ್ವ್ ತೆರೆಯುವ ಹಾಗಿಲ್ಲ. ಈ ಪರೀಕ್ಷೆ ಮಾಡುವುದು ನಾನಲ್ಲ, ಆಪರೇಟರ್. ನೇರಳೆ ಬಂದರೆ ಲೈನ್ ನಿಲ್ಲಿಸುವ ಅಧಿಕಾರವೂ ಅವರದೇ. ಡೆಲಿವರಿ ಎಷ್ಟೇ ಅರ್ಜೆಂಟ್ ಇರಲಿ, ಅವರು ನಿಲ್ಲಿಸಿದ ಮೇಲೆ ನಾನು ಮಾತಾಡುವುದಿಲ್ಲ.

ಗಸಿ ಒಣಗಿಸಿದರೆ ಸಿಗುವ ಸ್ಲಡ್ಜ್ ಅಪಾಯಕಾರಿ ತ್ಯಾಜ್ಯ. 2016ರ ನಿಯಮದ ಪ್ರಕಾರ ಅದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮದು ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಹೋಗುತ್ತದೆ. ಪ್ರತಿ ಲೋಡಿಗೂ ಫಾರಂ 10, ದಿನದ ಲೆಕ್ಕಕ್ಕೆ ಫಾರಂ 3, ವರ್ಷಕ್ಕೊಮ್ಮೆ ಜೂನ್ 30ರೊಳಗೆ ಫಾರಂ 4. ಕೇಳಿದರೆ ತಲೆನೋವು ಅನ್ನಿಸುತ್ತದೆ. ನಾನು ತಾರೀಖುಗಳನ್ನೆಲ್ಲ ಆಫೀಸಿನ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡುತ್ತೇನೆ, ಕರೆಂಟ್ ಬಿಲ್ಲಿನ ಪಕ್ಕದಲ್ಲಿ. ಕೊಂಡ ಕೆಮಿಕಲ್ಲಿಗೂ ಕಳಿಸಿದ ಸ್ಲಡ್ಜಿಗೂ ತಾಳೆ ನೋಡುತ್ತೇನೆ. ಕೆಮಿಕಲ್ ಜಾಸ್ತಿ ಬಂದು, ಕೆಲಸ ಅಷ್ಟೇ ಇದ್ದು, ಸ್ಲಡ್ಜ್ ಕಮ್ಮಿ ಹೋಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅನುಮಾನ ಪಡಬೇಕು. ಈ ಲೆಕ್ಕ ಮೊದಲೇ ನೋಡಿದ್ದರೆ ನೆಲದ ಸೀಳು ಮಳೆಗೆ ಮುಂಚೆಯೇ ಗೊತ್ತಾಗುತ್ತಿತ್ತು.

ಈಗ ಹೆಚ್ಚಿನ ಕೆಲಸ ಟ್ರೈವೆಲೆಂಟ್ ಪ್ಯಾಸಿವೇಶನ್‌ಗೆ ಬದಲಾಗಿದೆ. ಮೊದಮೊದಲು ಗಿರಾಕಿಗಳು ಒಪ್ಪಲಿಲ್ಲ. "ಹಳೇ ಹಳದಿ ಬರ್ತಿಲ್ಲವಲ್ಲ" ಅಂದರು. ಉಪ್ಪುನೀರು ಸಿಂಪಡಿಸಿ ತುಕ್ಕು ನೋಡುವ ಸಾಲ್ಟ್ ಸ್ಪ್ರೇ ಪರೀಕ್ಷೆಯ ರಿಪೋರ್ಟ್ ತೋರಿಸಿ ಒಬ್ಬೊಬ್ಬರನ್ನೇ ಒಪ್ಪಿಸಿದೆ. ಇಬ್ಬರು ಬಿಟ್ಟುಹೋದರು. ಒಂದು ಚಿಕ್ಕ ಹೆಕ್ಸಾವೆಲೆಂಟ್ ಟ್ಯಾಂಕ್ ಇನ್ನೂ ಉಳಿದಿದೆ, ಅದನ್ನೂ ತೆಗೆಯಬೇಕು.

ಆಯುಧಪೂಜೆಗೆ ಶಾಪ್ ನಿಲ್ಲಿಸಿದಾಗ ಟ್ಯಾಂಕುಗಳನ್ನೆಲ್ಲ ಖಾಲಿ ಮಾಡುತ್ತೇವೆ. ಈಗ ಅವೆಲ್ಲ ಒಂದೂವರೆ ಅಡಿ ಎತ್ತರದ ಸ್ಟ್ಯಾಂಡಿನ ಮೇಲಿವೆ. ಕೆಳಗೆ ಆ್ಯಸಿಡ್ ತಡೆಯುವ ಟೈಲ್ಸ್, ಸುತ್ತ ಕಟ್ಟೆ. ಕುಂಬಳಕಾಯಿ ಒಡೆಯುವ ಮುಂಚೆ ಹಿರಿಯ ಆಪರೇಟರ್ ಟಾರ್ಚ್ ಹಿಡಿದು ಪ್ರತಿ ಟ್ಯಾಂಕಿನ ಕೆಳಗೂ ಬಗ್ಗಿ ನೋಡುತ್ತಾರೆ. ನಾನೂ ಅವರ ಪಕ್ಕ ಮಂಡಿಯೂರಿ ನೋಡುತ್ತೇನೆ.