ವಿದೇಶದಲ್ಲಿ ಮಗಳ ಸಾವು: ಇಂಗ್ಲೆಂಡಿನ ಪರಿಶೀಲನೆಯಲ್ಲಿ ತವರಿನವರು ಪಾಲ್ಗೊಳ್ಳುವುದು ಹೇಗೆ?

ಇಂಗ್ಲೆಂಡಿನಲ್ಲಿ 16 ವರ್ಷ ತುಂಬಿದ ಯಾರೇ ಆಗಲಿ ಗಂಡ ಅಥವಾ ಹೆಂಡತಿ, ಹಿಂದಿನ ಸಂಗಾತಿ, ನೆಂಟರು ಇಲ್ಲವೇ ಒಂದೇ ಮನೆಯಲ್ಲಿದ್ದವರ ಹಿಂಸೆಯಿಂದ ಸತ್ತರೆ, ಕೋರ್ಟಿನ ತೀರ್ಪಿನೊಂದಿಗೆ ವಿಷಯ ಮುಗಿಯುವುದಿಲ್ಲ. ಸತ್ತವಳು ಯಾರ ಬಳಿ ಕಷ್ಟ ಹೇಳಿಕೊಂಡಿದ್ದಳು, ವೈದ್ಯರು, ಪೊಲೀಸರು, ಮಕ್ಕಳ ಶಾಲೆಯವರು ಏನು ಕಂಡರು, ಕಂಡೂ ಏಕೆ ಸುಮ್ಮನಿದ್ದರು ಎಂಬುದನ್ನು ಬೇರೆಯಾಗಿ ಪರಿಶೀಲಿಸಲು ಅಲ್ಲಿ 2004ರ ಕಾನೂನಿದೆ. 2011ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಇದನ್ನು ‘ಡೊಮೆಸ್ಟಿಕ್ ಹೋಮಿಸೈಡ್ ರಿವ್ಯೂ’ ಎನ್ನುತ್ತಾರೆ. ಆತ್ಮಹತ್ಯೆಗಳೂ ಇದರೊಳಗೆ ಬರುವುದರಿಂದ 2024ರ ಕಾನೂನು ಇದಕ್ಕೆ ‘ಡೊಮೆಸ್ಟಿಕ್ ಅಬ್ಯೂಸ್ ರಿಲೇಟೆಡ್ ಡೆತ್ ರಿವ್ಯೂ’ ಎಂಬ ಹೊಸ ಹೆಸರು ಕೊಟ್ಟಿದೆ.

ಮದುವೆಯಾಗಿ ಅಲ್ಲಿಗೆ ಹೋದ ನಮ್ಮ ಹೆಣ್ಣುಮಗಳಿಗೆ ಹೀಗಾದರೆ, ದೂರದಲ್ಲಿರುವ ನಮ್ಮದೇನು ನಡೆಯುತ್ತದೆ ಎಂದು ತವರಿನವರು ಕೈಚೆಲ್ಲಿ ಕೂರುವುದುಂಟು. ಹಾಗೆ ಕೂರಬೇಡಿ. ಅವಳು ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದ ಮಾತು ಅಲ್ಲಿನ ಯಾವ ಕಡತದಲ್ಲೂ ಇರುವುದಿಲ್ಲ.

ಮೊದಲಿಗೆ, ಪರಿಶೀಲನೆ ಶುರುವಾಗಿದೆಯೇ ಎಂದು ಕೇಳಿ. ಇದನ್ನು ನಿರ್ಧರಿಸುವುದು ಆ ಊರಿನ ‘ಕಮ್ಯುನಿಟಿ ಸೇಫ್ಟಿ ಪಾರ್ಟ್‌ನರ್‌ಶಿಪ್’. ಸ್ಥಳೀಯ ಕೌನ್ಸಿಲ್, ಪೊಲೀಸ್, ಆರೋಗ್ಯ ಸೇವೆ ಎಲ್ಲ ಸೇರಿದ ಕೂಟ ಅದು. ಸಾವಿನ ಸುದ್ದಿ ತಲುಪಿದ ಒಂದು ತಿಂಗಳೊಳಗೆ ಅದು ತೀರ್ಮಾನ ತೆಗೆದುಕೊಳ್ಳಬೇಕು. ಬೇಡವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಬ್ರಿಟನ್ನಿನ ಗೃಹ ಇಲಾಖೆಗೂ (ಹೋಮ್ ಆಫೀಸ್) ಬರೆಯಿರಿ. ಪರಿಶೀಲನೆ ನಡೆಸಿ ಎಂದು ಆದೇಶಿಸುವ ಅಧಿಕಾರ ಅಲ್ಲಿನ ಸಚಿವರಿಗಿದೆ. ‘ಆತ್ಮಹತ್ಯೆ’ ಎಂದು ಪತ್ರ ಬಂದ ಮಾತ್ರಕ್ಕೆ ಹಿಂದೆ ಸರಿಯಬೇಡಿ. ಸಾವಿನ ಹಿಂದೆ ದೌರ್ಜನ್ಯವಿದ್ದ ಶಂಕೆಯಿದ್ದರೆ ಪರಿಶೀಲನೆ ಆಗಬೇಕೆಂದು 2016ರ ಸರ್ಕಾರಿ ಮಾರ್ಗಸೂಚಿ ಹೇಳುತ್ತದೆ.

ಒಬ್ಬರೇ ಓಡಾಡಬೇಡಿ. ತಂಗಿಯೋ ಮಗಳೋ ಹೀಗೆ ಹೋದ ಕುಟುಂಬಗಳ ಬೆನ್ನಿಗೆ ನಿಲ್ಲಲು ಅಲ್ಲಿ ‘ಆಫ್ಡಾ’ (ಅಡ್ವೊಕೆಸಿ ಆಫ್ಟರ್ ಫೇಟಲ್ ಡೊಮೆಸ್ಟಿಕ್ ಅಬ್ಯೂಸ್) ಎಂಬ ಸಂಸ್ಥೆಯಿದೆ. ಅದನ್ನು ಕಟ್ಟಿದ ಫ್ರಾಂಕ್ ಮುಲೇನ್ 2003ರಲ್ಲಿ ತಮ್ಮ ಸಹೋದರಿಯನ್ನೂ ಅವಳ ಮಗನನ್ನೂ ಇಂಥದೇ ಹತ್ಯೆಯಲ್ಲಿ ಕಳೆದುಕೊಂಡವರು.

ಇನ್ನು ನಿಜವಾದ ಕೆಲಸ. ಪರಿಶೀಲನೆಗೆ ಸ್ವತಂತ್ರ ಅಧ್ಯಕ್ಷರೊಬ್ಬರನ್ನು ನೇಮಿಸುತ್ತಾರೆ. ಏನೇನು ನೋಡಬೇಕು, ಯಾವ ವರ್ಷದಿಂದ ನೋಡಬೇಕು ಎಂಬ ಕಾರ್ಯವ್ಯಾಪ್ತಿಯನ್ನು ಆರಂಭದಲ್ಲೇ ಬರೆಯಲಾಗುತ್ತದೆ. ನೀವು ಮಾತಾಡಬೇಕಾದದ್ದು ಈ ಹೊತ್ತಿನಲ್ಲಿ. ಕಿರುಕುಳ ಮದುವೆಯಾದ ಮೊದಲ ವರ್ಷವೇ ಶುರುವಾಗಿದ್ದರೆ, ಅಲ್ಲಿಂದಲೇ ನೋಡಿ ಎಂದು ಹಟ ಹಿಡಿಯಿರಿ. ವೀಸಾ ಗಂಡನ ಹೆಸರಿನ ಮೇಲೆ ನಿಂತಿತ್ತೇ, ಪಾಸ್‌ಪೋರ್ಟ್ ಯಾರ ಕೈಲಿತ್ತು, ಸಂಬಳ ಯಾರ ಖಾತೆಗೆ ಹೋಗುತ್ತಿತ್ತು, ವರದಕ್ಷಿಣೆಯ ಬಾಕಿ ಮಾತು ಬರುತ್ತಿತ್ತೇ, ಇಲ್ಲಿಗೆ ಫೋನ್ ಮಾಡಲು ಬಿಡುತ್ತಿದ್ದರೇ ಎಂಬುದೆಲ್ಲ ಹೇಳಬೇಕಾದ ಸಂಗತಿಗಳೇ. ವಾಟ್ಸಾಪ್ ಸಂದೇಶ, ಧ್ವನಿ ಸಂದೇಶಗಳನ್ನು ಅಳಿಸದೆ, ಹಳೆಯ ಫೋನ್ ಸಮೇತ ಕಾಪಿಡಿ. ಅವು ಸಾಕ್ಷ್ಯವಾದ್ದರಿಂದ ಮೊದಲು ತನಿಖಾಧಿಕಾರಿಗೆ ಕೊಡಿ. ಮೊಕದ್ದಮೆಗೆ ತೊಂದರೆಯಾಗದಂತೆ, ಸಾಕ್ಷಿಗಳಾದ ಮನೆಯವರ ಜತೆಗಿನ ಮಾತುಕತೆಯನ್ನು ತೀರ್ಪು ಬರುವವರೆಗೆ ಮುಂದೂಡುವುದುಂಟು.

ಇಂಗ್ಲಿಷ್ ಬಾರದಿದ್ದರೆ ಕನ್ನಡದ ದುಭಾಷಿಯನ್ನು ಕೇಳಿ. ಅಳಿಯನ ಕಡೆಯವರಾಗಲಿ, ಅಲ್ಲಿನ ಕನ್ನಡಿಗರಲ್ಲಿ ‘ಹಿರಿಯರು’ ಎನಿಸಿಕೊಂಡವರಾಗಲಿ ನಿಮ್ಮ ಮಾತನ್ನು ಅನುವಾದಿಸುವುದು ಬೇಡ. ‘ಅವರ ಸಂಸ್ಕೃತಿಯೇ ಹಾಗೆ’ ಎಂದು ಪರಿಶೀಲನೆ ನಡೆಸುವ ಸಮಿತಿ ಷರಾ ಬರೆದು ಮುಗಿಸದಂತೆ, ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಿದ ತಜ್ಞರೊಬ್ಬರು ಅದರಲ್ಲಿರಲಿ ಎಂದು ಕೋರಿ. 1979ರಿಂದ ದುಡಿಯುತ್ತಿರುವ ‘ಸೌತ್‌ಹಾಲ್ ಬ್ಲ್ಯಾಕ್ ಸಿಸ್ಟರ್ಸ್’ನಂಥ ಸಂಸ್ಥೆಗಳು ಲಂಡನ್ನಿನಲ್ಲಿವೆ.

‘ಸ್ವಲ್ಪ ಹೊಂದಿಕೊಂಡು ಹೋಗು ಮಗಾ’ ಎಂದು ನೀವೇ ಹೇಳಿದ್ದಿರಬಹುದು. ಅದನ್ನು ಬಚ್ಚಿಡಬೇಡಿ. ಯಾರು ತಪ್ಪಿತಸ್ಥರು ಎಂದು ತೀರ್ಮಾನಿಸುವುದು ಈ ಪರಿಶೀಲನೆಯ ಕೆಲಸವಲ್ಲ. ಅವಳಿಗೆ ಹಿಂತಿರುಗುವ ದಾರಿ ಏಕೆ ಕಾಣಲಿಲ್ಲ ಎಂಬುದು ನಿಮ್ಮ ಆ ಮಾತಿನಿಂದಲೂ ತಿಳಿಯುತ್ತದೆ.

ನಮ್ಮಲ್ಲಿ ಮದುವೆಯಾಗಿ 7 ವರ್ಷದೊಳಗೆ ಅಸಹಜವಾಗಿ ಸತ್ತವಳ ಶವಪರೀಕ್ಷೆ, ಮ್ಯಾಜಿಸ್ಟ್ರೇಟ್ ವಿಚಾರಣೆಗಳಿವೆ. ಆದರೆ ಅವಳ ದೂರನ್ನು ಠಾಣೆ, ಆಸ್ಪತ್ರೆಗಳು ಹೇಗೆ ಕೇಳಿಸಿಕೊಂಡವು ಎಂದು ಪ್ರತಿ ಸಾವಿನ ನಂತರವೂ ಕಡ್ಡಾಯವಾಗಿ ಹುಡುಕುವ ಕಾನೂನು ನಮಗಿಲ್ಲ. ಬೇಕು ಎಂದು ನಾವು ಜೋರಾಗಿ ಕೇಳಬೇಕಾದ ಕಾನೂನು ಅದು.

ಕರಡು ವರದಿ ಸಿದ್ಧವಾದಾಗ ಅದನ್ನು ಓದಿ ಅಭಿಪ್ರಾಯ ಹೇಳಲು ನಿಮಗೆ ಸಮಯ ಕೊಡಬೇಕು. ವರದಿಯಲ್ಲಿ ನಿಜನಾಮವಿರದು. ಮಗಳಿಗೆ ಯಾವ ಹೆಸರಿಡಬೇಕೆಂದು ನೀವೇ ಹೇಳಬಹುದು. ಆರು ತಿಂಗಳಲ್ಲಿ ಮುಗಿಯಬೇಕೆಂಬ ನಿಯಮವಿದ್ದರೂ ಪ್ರಕಟವಾಗುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ವರದಿಯ ಜತೆ ಕ್ರಿಯಾಯೋಜನೆಯೂ ಇರುತ್ತದೆ. ಅದರ ಪ್ರತಿ ತರಿಸಿಕೊಳ್ಳಿ. ಮಾಡುತ್ತೇವೆಂದು ಒಪ್ಪಿದ್ದರಲ್ಲಿ ಎಷ್ಟು ಮಾಡಿದ್ದಾರೆ ಎಂದು ಒಂದು ವರ್ಷದ ಬಳಿಕ ಪತ್ರ ಬರೆದು ಕೇಳಿ.

ಅಲ್ಲಿ ಈಗ ಕಷ್ಟದಲ್ಲಿರುವವರಿಗೆ: ತುರ್ತು ಕರೆ 999, ದಿನವಿಡೀ ತೆರೆದಿರುವ ಉಚಿತ ಸಹಾಯವಾಣಿ 0808 2000 247. ಕರ್ನಾಟಕದಲ್ಲಿ ಮಹಿಳಾ ಸಹಾಯವಾಣಿ 181.