ಚಾಕುವಿನ ಜಿ10 ಹಿಡಿಗೆ ಕೈಅರದಿಂದ ತೋಡು ಹಾಕುವುದು

ಜಿ10 ಎಂದರೆ ಗಾಜಿನ ನೂಲಿನ ಬಟ್ಟೆಯನ್ನು ಪದರಪದರವಾಗಿ ಎಪಾಕ್ಸಿ ಅಂಟಿನಲ್ಲಿ ಒತ್ತಿದ ಹಲಗೆ. ಹಿಡಿಗೆ ಬಳಸುವ ಇಂಥದ್ದೇ ಇನ್ನೊಂದು ಹಲಗೆ ಮೈಕಾರ್ಟಾದಲ್ಲಿ ಗಾಜಿನ ಬದಲು ಕ್ಯಾನ್ವಾಸ್, ಲಿನನ್ ಇಲ್ಲವೇ ಕಾಗದ. ಅಂಟು ಸಾಮಾನ್ಯವಾಗಿ ಫಿನಾಲಿಕ್. ನುಣುಪು ಮಾಡಿದ ಜಿ10 ಒದ್ದೆ ಕೈಯಲ್ಲಿ ಜಾರುತ್ತದೆ. ಮೆಷಿನ್ ಇಲ್ಲದೆ ಅದಕ್ಕೆ ಹಿಡಿತ ಕೊಡಲು ನಾನು ಓರೆ ತೋಡುಗಳನ್ನೇ ನೆಚ್ಚಿಕೊಂಡಿದ್ದೇನೆ.

ಅರದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಮಾಮೂಲಿ ದುಂಡು ಅರ ತುದಿಗೆ ಹೋದಂತೆ ಸಪೂರವಾಗುವುದರಿಂದ ತೋಡಿನ ಅಗಲ ಒಂದೇ ಸಮ ಬರುವುದಿಲ್ಲ. ಚೈನ್‌ಸಾ ಹರಿತ ಮಾಡುವ 4 ಮಿ.ಮೀ. ಅರ ಉದ್ದಕ್ಕೂ ಒಂದೇ ದಪ್ಪ, ಅದನ್ನೇ ಬಳಸುತ್ತೇನೆ. ಗಾಜು ಅರದ ಹಲ್ಲನ್ನು ಬೇಗ ಮೊಂಡಾಗಿಸುತ್ತದೆ. ಈ ಕೆಲಸಕ್ಕೆಂದೇ ಒಂದನ್ನು ಬೇರೆ ಇಟ್ಟುಬಿಡಿ.

ಹಿಡಿಯ ಎರಡು ಬದಿಗೆ ಕೂರುವ ಪಟ್ಟಿಗಳಿಗೆ ಪೂರ್ತಿ ಆಕಾರ ಕೊಟ್ಟು, 220ರ ಎಮರಿ ಪೇಪರ್‌ವರೆಗೆ ಉಜ್ಜಿದ ಮೇಲೆ, ಚಾಕುವಿಗೆ ಅಂಟಿಸುವ ಮುಂಚೆಯೇ ತೋಡು ಹಾಕಬೇಕು. ಅಂಟಿಸಿದ ಮೇಲೆ ಅಂಚಿಗೆ ಅರ ಹಾಕಿದರೆ ಗಟ್ಟಿ ಉಕ್ಕಿಗೆ ತಾಗಿ ಅರವೂ ಹಾಳು, ಉಕ್ಕಿಗೂ ಗೀರು. ಪಟ್ಟಿಗಳನ್ನು ಚಾಕುವಿಗೆ ಬಿಗಿಯುವ ಪಿನ್‌ಗಳ ತಲೆಯನ್ನೂ ಮೊದಲೇ ಅಳತೆಗೆ ಕತ್ತರಿಸಿ ದುಂಡಾಗಿಸಿಡಿ. ಆಮೇಲೆ ಉಜ್ಜಲು ಹೋದರೆ ಪಕ್ಕದಲ್ಲಿ ತೋಡುಗಳ ನಡುವೆ ಉಳಿದ ದಿಣ್ಣೆಗಳೂ ಸವೆಯುತ್ತವೆ.

ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಪಟ್ಟಿಗಳನ್ನು ತೆರೆದ ಪುಸ್ತಕದಂತೆ ಪಕ್ಕಪಕ್ಕ ಇಟ್ಟು ಗೆರೆ ಎಳೆಯಿರಿ. ಹಾಗೆ ಮಾಡದಿದ್ದರೆ ಎರಡೂ ಒಂದೇ ಕಡೆಗೆ ಓರೆಯಾಗಿ ಬಿಡುತ್ತವೆ. ಗೆರೆಗಳ ನಡುವೆ 4.5 ಮಿ.ಮೀ. ಸಾಕು. 4 ಮಿ.ಮೀ. ಅರ 0.7 ಮಿ.ಮೀ. ಆಳಕ್ಕಿಳಿದಾಗ ತೋಡಿನ ಅಗಲ ಸುಮಾರು 3 ಮಿ.ಮೀ. ಆಗುತ್ತದೆ, ನಡುವೆ 1.5 ಮಿ.ಮೀ. ದಿಣ್ಣೆ ಉಳಿಯುತ್ತದೆ. ಆಳ ಅಳೆಯುವ ಗೋಜೇ ಬೇಡ: ಕ್ಯಾಲಿಪರ್‌ನಲ್ಲಿ ಅಗಲ ನೋಡಿದರೆ ಆಳ ಗೊತ್ತಾಯಿತು.

ನುಣುಪು ಮೈ ಮೇಲೆ ದುಂಡು ಅರ ಜಾರಿ ಗೆರೆ ತಪ್ಪುತ್ತದೆ. ಆದ್ದರಿಂದ ಮೊದಲು ಹ್ಯಾಕ್ಸಾ ಬ್ಲೇಡಿನಿಂದ ಎರಡು ಮೂರು ಸಲ ಹಗುರವಾಗಿ ಎಳೆದು ದಾರಿ ಮಾಡಿಕೊಡಿ. ಅರ ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಡ, ಹಿಂದಕ್ಕೆ ಎತ್ತಿಕೊಂಡೇ ಬನ್ನಿ. ಒಂದೇ ತೋಡನ್ನು ಪೂರ್ತಿ ಇಳಿಸಬೇಡಿ. ಎಲ್ಲಕ್ಕೂ ಅಷ್ಟಷ್ಟೇ ಸಲ ಹಾಕಿ, ಮತ್ತೆ ಮೊದಲಿನಿಂದ ಸುತ್ತು ಬನ್ನಿ. ಎರಡು ಬಣ್ಣದ ಜಿ10 ಆದರೆ ಇದು ಇನ್ನೂ ಮುಖ್ಯ. ಕೂದಲೆಳೆಯಷ್ಟು ಆಳ ಹೆಚ್ಚುಕಮ್ಮಿಯಾದರೂ ಒಳಗಿನ ಬಣ್ಣ ಎತ್ತಿ ತೋರಿಸುತ್ತದೆ.

ಅರ ಅಂಚಿನಿಂದ ಹೊರಬೀಳುವ ಜಾಗದಲ್ಲಿ ಪದರ ಎದ್ದು ಬಿಳಿ ಕಲೆ ಕಾಣಿಸುತ್ತದೆ, ಮೈಕಾರ್ಟಾ ಆದರೆ ನೂಲು ಬಿಚ್ಚುತ್ತದೆ. ಎರಡೂ ಅಂಚಿನಿಂದ ಒಳಮುಖವಾಗಿ ಅರ ಹಾಕಿ, ನಡುವೆ ಕೂಡಿಸಿ. ಅಡ್ಡಗೆರೆ ಹಾಕಿ ವಜ್ರಾಕೃತಿ ಮಾಡುವ ಆಸೆಯಿದ್ದರೆ ಎರಡನೇ ದಿಕ್ಕಿಗೆ ಹೊಸ ಅರ, ಅರ್ಧ ಒತ್ತಡ; ಇಲ್ಲದಿದ್ದರೆ ಮೊನೆಗಳು ಉದುರುತ್ತವೆ. ನನ್ನ ಪ್ರಕಾರ ಅಷ್ಟು ಶ್ರಮಕ್ಕೆ ತಕ್ಕ ಹಿಡಿತವೇನೂ ಹೆಚ್ಚುವುದಿಲ್ಲ.

ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಅಪಾಯ. ಸಣ್ಣ ಧೂಳನ್ನೂ ತಡೆಯುವ ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಹಾಕಿ, ಸೋಪು ನೀರು ಹನಿಸುತ್ತಾ ಕೆಲಸ ಮಾಡಿ. ರಾಡಿ ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಊದಬೇಡಿ.

ಕೊನೆಗೆ 400ರ ಪೇಪರ್ ಅನ್ನು ಕಡ್ಡಿಗೆ ಸುತ್ತಿ ದಿಣ್ಣೆಗಳ ಅಂಚಿನ ಚೂಪನ್ನು ಹಗುರವಾಗಿ ಉಜ್ಜಿ ತೆಗೆಯಿರಿ. ಹತ್ತಿ ಬಟ್ಟೆ ಎಳೆದಾಗ ನೂಲು ಸಿಕ್ಕಿಕೊಂಡರೆ ಅಲ್ಲಿ ಇನ್ನೂ ಚೂಪಿದೆ ಎಂದರ್ಥ. ಅಂಟಿಸುವಾಗ ತೋಡುಗಳ ಮೇಲೆ ಟೇಪ್ ಇರಲಿ. ಒಳಗೆ ಹರಿದ ಎಪಾಕ್ಸಿಯನ್ನು ಗಟ್ಟಿಯಾಗುವ ಮುನ್ನ ಅಸಿಟೋನ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.